ಕೂತವರು ಏಳುವ ತನಕ

ನಾರಾಯಣಗೂಡದ ನಮ್ಮ ಮನೆಯಲ್ಲಿ ಯಾರಾದರೂ ಕೂತರೆ ಸಾಕು, ಏಳುವುದರೊಳಗೆ ಏನಾದರೊಂದು ಆಗಿಯೇ ಇರುತ್ತದೆ.

೧. ಮೂರು ತಿಂಗಳ ವಹಿ

ನನ್ನ ಎಡಗಾಲಿಗೆ ಮೇಲಿಂದ ಮೇಲೆ ಜೋಮು ಹಿಡಿಯತೊಡಗಿತು. “ಎಷ್ಟು ಹೊತ್ತು ಕೆಳಗೆ ಕೂಡುತ್ತೀರಿ?” ಎಂದು ನರದ ಡಾಕ್ಟರು ಕೇಳಿದ್ದೇ ತಡ, ಮೂರು ತಿಂಗಳಿಂದ ಕೂತದ್ದನ್ನೆಲ್ಲ ಬರೆದಿಟ್ಟ ವಹಿ ಮುಂದಿಟ್ಟೆ. ಬಿ.ಎಸ್ಸಿ. ಓದಿದವಳು ನಾನು, ಅಂದಾಜು ಹೇಳುವ ಅಭ್ಯಾಸವಿಲ್ಲ. ಪೇಪರ್ ಓದು, ಚಕ್ಕಳಮಕ್ಕಳ, ನಲವತ್ತು ನಿಮಿಷ, ಜೋಮು. ಸೊಪ್ಪು ಬಿಡಿಸಿದ್ದು, ಇಪ್ಪತ್ತೈದು ನಿಮಿಷ, ಮತ್ತೆ ಜೋಮು.

ಕಾಲು ಮಡಚಿ ಬಹಳ ಹೊತ್ತು ಕೂತರೆ ಮೊಣಕಾಲಿನ ಹೊರಮಗ್ಗುಲಿನ ನರ ಒತ್ತಿಹೋಗುತ್ತದಂತೆ. “ಕಿಂದ ಕೂರ್ಚೋಕಂಡಿ ಅಮ್ಮಾ,” ಎಂದು ತೆಲುಗಿನಲ್ಲಿ ಹೇಳಿದರು. ಕೆಳಗೆ ಕೂಡಲೇಬಾರದಂತೆ!

ನನಗೆ ಅಕ್ಕನದೇ ಚಿಂತೆ. ಪ್ರತಿ ಜನವರಿ ಅಕ್ಕ ಕಲಬುರಗಿಯಿಂದ ಬರುತ್ತಾಳೆ. ನಾಂಪಲ್ಲಿಯ ಎಕ್ಸಿಬಿಷನ್ ಬರೀ ನೆಪ. ನೆಲದ ಮೇಲೆ ಎದುರುಬದುರು ಕೂತು ನಾವಿಬ್ಬರೂ ಚೌಕಾಬಾರ ಆಡುತ್ತೇವೆ. ವರ್ಷವಿಡೀ ನಾನು ಕಾಯುವುದು ಅದಕ್ಕೇ. ಡಾಕ್ಟರಿಗೂ ಅದನ್ನೇ ಹೇಳಿದೆ.

“ಕುರ್ಚಿಯ ಮೇಲೆ ಆಡಿ.”

“ಅಕ್ಕನಿಗೆ ಏನು ಹೇಳಲಿ?”

“ಈ ವಹಿ ತೋರಿಸಿ,” ಎಂದರು.

೨. ಹಿಂದಿನ ಜೇಬು

ನನ್ನನ್ನು ನೋಡಿ ನಕ್ಕ ನಮ್ಮ ಯಜಮಾನರಿಗೇ ಮರುವಾರ ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆತ ಶುರುವಾಯಿತು. ಅದೇ ಡಾಕ್ಟರು ಅವರ ಹಿಂದಿನ ಜೇಬಿನಿಂದ ಇಟ್ಟಿಗೆಯಂಥ ಪಾಕೀಟು ತೆಗೆಸಿದರು. ಅದರ ಮೇಲೆ ಓರೆಯಾಗಿ ಕೂತೂ ಕೂತೂ ನರ ಸಿಟ್ಟಾಗಿತ್ತು. ಮನೆಗೆ ಬಂದು ಬಿಚ್ಚಿದರೆ ಹಳೆಯ ಬಸ್ ಪಾಸುಗಳು, ದೇವರ ಪಟಗಳು, ಎಲ್ಲಕ್ಕಿಂತ ಅಡಿಯಲ್ಲಿ ಎರಡು ಜಡೆಯ ನನ್ನ ಕಾಲೇಜಿನ ಫೋಟೊ. ಆ ಹುಡುಗಿಯನ್ನು ಸುಮಾರು ಹೊತ್ತು ನೋಡಿದೆ. ಎಷ್ಟು ನೆಟ್ಟಗೆ ಕೂತಿದ್ದಳು!

“ಇಷ್ಟು ವರ್ಷ ನನ್ನ ಮ್ಯಾಲೆ ಕುಂತಿದ್ರೇನ್ರಿ?”

“ಅದಕ್ಕ ನೋಡು, ಸೊಂಟ ಹಿಡದೈತಿ.”

೩. ಅಕ್ಕ ಬಂದಳು

ಬಾಲ್ಕನಿಯಲ್ಲಿ ಎರಡು ಕುರ್ಚಿ, ಒಂದು ಮೇಜು ಹಾಕಿಟ್ಟಿದ್ದೆ. ಅಕ್ಕ ನೋಡಿದಳು.

“ಏನವ್ವಾ, ಭಾಳ ಮೇಮ್‌ಸಾಬ್ ಆಗೀಯಲ್ಲ!”

ನನಗೆ ರೋಷ ಬಂತು. ಸೀಮೆಸುಣ್ಣ ತಂದು ನೆಲದ ಮೇಲೆ ಚೌಕಾಬಾರದ ಮನೆ ಬರೆದು ಕೂತೇಬಿಟ್ಟೆ. ಅಕ್ಕ ಗೋಡೆ ಹಿಡಿದು ಒಂದು ಕ್ಷಣ ನಿಂತಳು, ಆಮೇಲೆ ಅವಳೂ ಕೂತಳು. ಕವಡೆ ಉರುಳಿದವು. ಅವ್ವನ ಮಾತು, ಬಾವಿಕಟ್ಟೆಯ ಮಾತು, ಜಗಳ, ನಗು. ಮೂರು ಆಟ ಮುಗಿದವು.

“ಊಟಕ್ಕ ಏಳ್ರಿ,” ಎಂದು ಯಜಮಾನರು ಬಂದರು. ನನ್ನ ಕಾಲು ನನ್ನದಲ್ಲವೆನ್ನುವಂತೆ ಬಿದ್ದಿತ್ತು.

“ಅಕ್ಕಾ, ಮೊದಲ ನೀ ಏಳು.”

“ನೀ ಸಣ್ಣಾಕಿ. ನೀ ಏಳು.”

ಯಾರೂ ಏಳಲಿಲ್ಲ. ಕಡೆಗೆ ಅಕ್ಕ ಮೆಲ್ಲಗೆ, “ನಮ್ಮ ಡಾಕ್ಟರೂ ಕೆಳಗ ಕುಂದರಬ್ಯಾಡ ಅಂದಾನವ್ವ,” ಎಂದಳು. “ದೀಪಾವಳಿಯಿಂದ ಕುರ್ಚಿಮ್ಯಾಗ ಉಣ್ಣಾಕತ್ತೀನಿ.”

“ಮತ್ತ ಯಾಕ ಕುಂತಿ?”

“ನೀ ಕುಂತೆಲ್ಲ!”

ಯಜಮಾನರು ಎರಡೂ ಕೈ ಚಾಚಿದರು. “ಎಬ್ಬಸ್ಲೇನ್ರಿ?”

ಅಕ್ಕ ಕವಡೆಗಳನ್ನು ಬಾಚಿಕೊಂಡಳು.

“ಈಗ ಬ್ಯಾಡ್ರಿ. ಎದ್ದರ ಮತ್ತ ಕುಂದ್ರಾಕ ಬಿಡೂದಿಲ್ಲ ನೀವು. ಇನ್ನೊಂದು ಆಟ ಆಗಲಿ.”