ನಮ್ಮ ಮಾವನ ಇಯರ್‌ಫೋನು ಪರೀಕ್ಷೆ

ನಮ್ಮ ಸೋದರಮಾವನಿಗೆ ಕಂಡವರ ಕಿವಿಯ ಮೇಲೇ ಕಣ್ಣು! ಪಾಂಡವಪುರದಲ್ಲಿ ಬಸ್ಸು ಹತ್ತಿದರೆ ಲೋಕವೆಲ್ಲ ಕಿಟಕಿ ಪಕ್ಕದ ಸೀಟು ಹುಡುಕುತ್ತದೆ. ಇವನು ಇಯರ್‌ಫೋನು ಸಿಕ್ಕಿಸಿಕೊಂಡವರ ಪಕ್ಕದ ಸೀಟು ಹುಡುಕುತ್ತಾನೆ.

"ಯಾವ ಕಂಪ್ನಿದಪ್ಪ ಇದು? ಒಂದ್ಗಳಿಗೆ ಕೊಡು, ನೋಡನ. ಒಂದೇ ಕಿವಿ ಸಾಕು."

ಯಾರಾದರೂ ಕೊಡುತ್ತಾರೆಯೇ ಅಂತೀರಾ? ಕೊಡುತ್ತಾರೆ! ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಅಂಥ ಹಿರಿಯರಿಗೆ ಇಲ್ಲ ಅನ್ನುವುದು ಹೇಗೆ? ಮಾವ ಅದನ್ನು ಟವೆಲ್ಲಿನಲ್ಲಿ ಒರೆಸಿ, ತನ್ನ ಫೋನಿಗೆ ಚುಚ್ಚಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಒರೆಸಿ ವಾಪಸ್ಸು ಕೊಡುತ್ತಾನೆ. ಜೊತೆಗೆ ತೀರ್ಪು ಬೇರೆ.

"ಬಾವಿ ಒಳಗೆ ಕುಂತ್ಕಂಡು ಆಡ್ದಂಗದೆ ಕಣಪ್ಪ. ಮೋಸೋಗಿದೀಯ."

ಪಾಪ, ಅಲ್ಲಿಯವರೆಗೆ ಆರಾಮಾಗಿ ಹಾಡು ಕೇಳುತ್ತಿದ್ದ ಆಸಾಮಿ ಕೆ.ಆರ್. ಪೇಟೆಯವರೆಗೂ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾನೆ.

ಮಾವನ ಪರೀಕ್ಷೆಗೆ ಸಿನಿಮಾ ಹಾಡು ನಡೆಯದು. ಹಿಂದೆ ಯಾವುದೋ ಮದುವೆಯಲ್ಲಿ ಹೆಂಗಸರು ಎರಡು ಕಡೆ ಕೂತು ಸೋಬಾನೆ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಾನೆ. ಒಳ್ಳೆಯ ಇಯರ್‌ಫೋನಾದರೆ ಒಬ್ಬೊಬ್ಬಳ ದನಿಯೂ ಬೇರೆಬೇರೆ ಕೇಳಬೇಕಂತೆ. ಯಾರ ಬಾಯಲ್ಲಿ ಎಲೆಅಡಿಕೆ ಇದೆ ಅನ್ನುವುದೂ ಗೊತ್ತಾಗಬೇಕಂತೆ! ನಾನು ನನ್ನದೊಂದು ಕೊಟ್ಟು ನೋಡಿದೆ. "ಇದ್ರಲ್ಲಿ ಬರೀ ತಮಟೆ ಕಣವ್ವ. ಆಡೋರೆಲ್ಲ ಊಟಕ್ಕೋಗವ್ರೆ" ಅಂದುಬಿಟ್ಟ.

ಆ ಸೋಬಾನೆಯಲ್ಲಿ ಎಲ್ಲರಿಗಿಂತ ಮೊದಲು ಸೊಲ್ಲು ಎತ್ತುವ ದನಿ ನಮ್ಮ ಅತ್ತೆಯದು, ಅಂದರೆ ಮಾವನ ಹೆಂಡತಿಯದು. ಅತ್ತೆ ಇಲ್ಲದೆ ನಮ್ಮ ಕಡೆ ಅರಿಶಿನದ ಶಾಸ್ತ್ರವೇ ಇರಲಿಲ್ಲ. ಆಮೇಲೆ ಕಿವಿ ಮಂದವಾಯಿತು. ಒಂದು ಮದುವೆಯಲ್ಲಿ ಎದುರಿನವರ ಸೊಲ್ಲು ಮುಗಿಯುವ ಮೊದಲೇ ಇವಳು ತನ್ನದನ್ನು ಎತ್ತಿದಳು. ಹೆಂಗಸರು ಕಿಸಕ್ಕನೆ ನಕ್ಕರು. ಅಂದಿನಿಂದ ಅತ್ತೆ ಬಾಯಿ ಬಿಟ್ಟಿಲ್ಲ. ಕಿವಿಗೆ ಮಿಷನ್ನು ಹಾಕಿಸೋಣ ಅಂದರೆ, "ಕಿವುಡಿ ಅಂತ ಬೋರ್ಡ್ ತಗಲಾಕ್ಕಂಡು ತಿರುಗ್ಲಾ?" ಅಂತ ರೇಗುತ್ತಾಳೆ. ಬೂಕನಕೆರೆಯಲ್ಲಿ ಅತ್ತೆಯ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. "ಅಕ್ಷತೆ ಆಕ್ಬುಟ್ಟು ಬತ್ತೀನಿ. ಆಡು ಅಂತ ಮಾತ್ರ ಯಾರೂ ಅನ್ಬ್ಯಾಡಿ" ಅಂದಿದ್ದಳು.

ಹೆಂಡತಿಯ ಪಾಡು ಇದು, ಗಂಡನ ಶೋಕಿ ಅದು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವ ಮಾತ್ರ ಕೆ.ಆರ್. ಪೇಟೆಯ ಮೊಬೈಲ್ ಅಂಗಡಿ ಬಿಡಲಿಲ್ಲ. ಒಂದು ದಿನ ನಾನೂ ಜೊತೆಗಿದ್ದೆ. ಇವನನ್ನು ಕಂಡದ್ದೇ ಅಂಗಡಿಯವನು ಕೈಮುಗಿದ.

"ಯಜಮಾನ್ರೇ, ಮದ್ವೆಗೆ ಎಣ್ಣು ನೋಡಾಕೂ ಇಷ್ಟೊತ್ತು ಮಾಡಲ್ಲ ಕಣ್ರೀ!"

"ಎಣ್ಣು ನೋಡಾಕೆ ಕಣ್ಣು ಸಾಕು ಕಣಯ್ಯ" ಅಂದ ಮಾವ. "ಫೋನ್ ಅಲ್ಲಿರ್ಬೇಕು, ಕಿವಿ ಇಲ್ಲಿರ್ಬೇಕು. ಅಲ್ಲಿ ಆಡಿದ್ದು ಇಲ್ಲಿ ಕೇಳ್ಬೇಕು. ಅಂಥದ್ದದಾ?"

ಅಂಗಡಿಯವನು ವೈರ್ ಇಲ್ಲದ ಒಂದು ಜೊತೆ ಕೊಟ್ಟು, ಫೋನಿನಲ್ಲಿ ಏನೋ ಒತ್ತಿ, ಅದನ್ನೇ ಮೈಕು ಮಾಡಿ ತೋರಿಸಿದ. ಮನೆಗೆ ಬಂದವನೇ ಮಾವ ಫೋನನ್ನು ಅಡುಗೆಮನೆಯ ಡಬ್ಬಗಳ ನಡುವೆ ಇಟ್ಟು, ಆ ಜೊತೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಜಗುಲಿಗೆ ಹೋಗಿ ಕೂತ. ಒಳಗೆ ಅತ್ತೆ ನನ್ನ ಹತ್ತಿರ, "ನಿಮ್ಮಾವುಂಗೆ ತಲೆ ಕೆಟ್ಟೋಗದೆ ಕಣವ್ವ" ಅಂದಳು.

"ಕೆಟ್ಟಿಲ್ಲ ಕಣೇ!" ಅಂತ ಜಗುಲಿಯಿಂದ ಕೂಗು ಬಂತು. "ಸೌಟು ಬಿದ್ದಿದ್ದೂ ಕೇಳುಸ್ತು!"

ಅತ್ತೆಯ ದನಿ ಕೇಳಲು ಇಯರ್‌ಫೋನು ಬೇಕೇ? ಕಿವಿ ಮಂದವಾದ ಮೇಲೆ ಅವಳ ಮಾತು ಊರಾಚೆಯ ರೈಲ್ವೆ ಸ್ಟೇಷನ್ನಿಗೂ ಕೇಳುತ್ತದೆ! ಆದರೆ ಸೌಟಿನ ಸದ್ದು ಕೇಳಿತಲ್ಲ, ಮಾವನಿಗೆ ಲಾಟರಿ ಹೊಡೆದಷ್ಟು ಖುಷಿ.

ಬೂಕನಕೆರೆಯಲ್ಲಿ ಅರಿಶಿನದ ಶಾಸ್ತ್ರ. ಅತ್ತೆ ಗೋಡೆ ಬದಿಗೆ ಸರಿದು, ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಮಾವ ಹೆಂಗಸರ ನಡುವೆ ನುಗ್ಗಿ ಬಂದು, ಜೇಬಿನಿಂದ ಅದೇ ಜೊತೆ ತೆಗೆದ.

"ತಗ, ಇಕ್ಕೊ."

"ಕಿವುಡ್ರು ಮಿಷನ್ನಾ? ಬ್ಯಾಡ ಓಗಿ ಅತ್ಲಾಗೆ."

"ಮಿಷನ್ನಲ್ಲ ಕಣೇ, ಇಯರ್‌ಫೋನು. ಊರೋರೆಲ್ಲ ಇಕ್ಕಂಡು ತಿರುಗ್ತಾವ್ರೆ. ನಿನ್ನ ಯಾರು ಕೇಳಾರು? ಎಲ್ಲಾನೂ ಕೇಳಿ ನೋಡಿವ್ನಿ. ಎಂಗಸ್ರ ದನಿ ಇದ್ರಲ್ಲೇ ಚೆಂದ."

ನನ್ನ ಕೈಯಲ್ಲಿದ್ದ ಅರಿಶಿನದ ಬಟ್ಟಲು ಅಲ್ಲೇ ನಿಂತಿತು. ಅಷ್ಟು ಬಸ್ಸು, ಅಷ್ಟು ಕಿವಿ, ಅಷ್ಟು ಟವೆಲ್ಲು, ಎಲ್ಲ ಇದಕ್ಕಾ ಮಾವ?

ಅತ್ತೆ ಸುತ್ತ ನೋಡಿ, ಕಿವಿಗಿಟ್ಟುಕೊಂಡು, ಸೆರಗು ಎಳೆದುಕೊಂಡಳು. ಮಾವ ಫೋನನ್ನು ಎದುರು ಸಾಲಿನ ಹಾಡುಗಾರ್ತಿಯ ಮುಂದಿದ್ದ ಎಲೆಅಡಿಕೆ ತಟ್ಟೆಯಲ್ಲಿಟ್ಟು, ಬಾಗಿಲಾಚೆ ಹೋಗಿ ನಿಂತ. ಎದುರು ಸಾಲಿನವರ ಸೊಲ್ಲು ಮುಗಿಯಿತು. ಒಂದು ಉಸಿರಿನಷ್ಟು ಯಾರೂ ಎತ್ತಲಿಲ್ಲ. ಆಮೇಲೆ ಗೋಡೆ ಬದಿಯಿಂದ ಆ ದನಿ ಎದ್ದಿತು. ಅದೇ ದನಿ, ಎಲ್ಲೂ ತಪ್ಪದೆ. ನಗಲು ಕಾದಿದ್ದವರೂ ಸೊಲ್ಲು ಸೇರಿಸಿದರು.

ನನಗೆ ಅಳು ತಡೆಯಲಾಗಲಿಲ್ಲ. ಬಾಗಿಲಾಚೆ ಹೋಗಿ, "ಮಾವ, ಗೆದ್ದೆ ಕಣೋ!" ಅಂದೆ.

ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಕಿವಿಯಲ್ಲಿ ಏನೂ ಇರಲಿಲ್ಲ.

"ಸುಮ್ಕಿರವ್ವ" ಅಂದ. "ಕೇಳನ."