ಗಂಡನನ್ನು ಮಾತಾಡಿಸಲು ಯಾವ ಸೆಕ್ಷನ್?

ಲಾಯರಿಗೆ ಆಫೀಸು ಇರಲೇಬೇಕೆಂದಿಲ್ಲ, ಗುರುತು ಹಿಡಿಯಲು ಒಂದು ಮುಖ ಇದ್ದರೆ ಸಾಕು, ಕಾನೂನು ಪ್ರಶ್ನೆಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಮಧುಗಿರಿಯಲ್ಲಿ ನಾನು ಗಡ್ಡ ಕೆರೆಸಲು ಕೂತರೆ, ಕತ್ತಿಯನ್ನು ಗಂಟಲ ಹತ್ತಿರ ನಿಲ್ಲಿಸಿ, ಸತ್ತ ಅಪ್ಪನ ಜಮೀನಿನ ಪೌತಿ ಖಾತೆಗೆ ಏನೇನು ದಾಖಲೆ ಬೇಕು ಎಂದು ಕೇಳುತ್ತಾರೆ. ತಿಥಿ ಊಟಕ್ಕೆ ಹೋದರೆ ಬಡಿಸುವವನು ವಡೆಯನ್ನು ಎಲೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು, "ಸಾರ್, ಹೆಣ್ಮಕ್ಕಳಿಗೂ ಭಾಗ ಕೊಡ್ಲೇಬೇಕಾ?" ಎನ್ನುತ್ತಾನೆ. ಕೊಡಬೇಕು ಎಂದರೆ ವಡೆ ಪಕ್ಕದ ಎಲೆಗೆ ಹೋಗುತ್ತದೆ.

ಹೀಗಾಗಿ ನನಗೆ ಒಂದು ಕಡೆ ಕೂರುವ ಅಭ್ಯಾಸವೇ ತಪ್ಪಿಹೋಗಿದೆ. ಕಾಫಿಯನ್ನೂ ಹಜಾರದಲ್ಲಿ ಓಡಾಡುತ್ತಲೇ ಕುಡಿಯುತ್ತೇನೆ. "ನಿಮ್ಮ ಕಾಲಿಗೆ ಯಾರು ವಾರಂಟ್ ಹೊರಡಿಸಿದ್ದಾರೆ?" ಎಂದು ಹೆಂಡತಿ ಕೇಳುತ್ತಾಳೆ. ಆದರೆ ಈ ಕಾಲುಗಳು ಕಳೆದ ತಿಂಗಳ ಒಂದು ವಾರ ಪಟ್ಟ ಪಾಡು ಅವಳಿಗೂ ಪೂರ್ತಿ ಗೊತ್ತಿಲ್ಲ. ಆ ವಾರ ಶಿರಾ, ಪಾವಗಡ, ಕೊರಟಗೆರೆ ಮೂರೂ ಕಡೆ ನನಗೆ ಕಾನೂನು ಅರಿವು ಶಿಬಿರ. ಜನ ಪ್ರಶ್ನೆ ಕೇಳುವುದು, ನಾನು ಉತ್ತರ ಹೇಳುವುದು. ಶಿಬಿರ ಶುರುವಾಗುವ ಮೊದಲೇ ನನ್ನ ಹತ್ತಿರ ಉತ್ತರವಿಲ್ಲದ ಪ್ರಶ್ನೆಯೊಂದು ಬಂದು ಕಾಲಿಗೆ ತೊಡರಿಕೊಂಡಿತು.

ಮಂಗಳವಾರ, ಬಸ್ ಸ್ಟ್ಯಾಂಡಿನಲ್ಲಿ

ಶಿರಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಹಿಂದಿನಿಂದ ಯಾರೋ ಕೋಟಿನ ತುದಿ ಹಿಡಿದು ಎಳೆದರು. ತಿರುಗಿ ನೋಡಿದರೆ ಅರವತ್ತರ ಆಸುಪಾಸಿನ ಹೆಂಗಸು. ಎಡಗಣ್ಣು ಎಂದೋ ಹೋಗಿತ್ತು, ಬಲಗಣ್ಣಿನಲ್ಲಿ ಪೊರೆ.

"ಕಣ್ಣು ಮಂಜು ಸ್ವಾಮಿ, ಕರಿ ಕೋಟಾದ್ರೆ ಕಾಣ್ತದೆ ಅಂತ ಕಾಯ್ತಿದ್ದೆ. ಗಂಡನ್ನ ಮಾತಾಡ್ಸಕೆ ಯಾವ ಸೆಕ್ಸನ್ನು?"

ಹುಣಸೆಹಣ್ಣು ಕುಟ್ಟುವ ಕಾಲದಲ್ಲಿ ಗಂಡ ಹೆಂಡಿರ ನಡುವೆ ಜಗಳವಾಗಿತ್ತಂತೆ. ಆವತ್ತಿನಿಂದ ಗಂಡ ಊರಿಗೆಲ್ಲ ಮಾತಾಡುತ್ತಾನೆ, ಇವಳೊಬ್ಬಳ ಜೊತೆ ಮಾತಿಲ್ಲ. ಗಂಡ ಯಾರು ಎಂದು ಕೇಳಿದೆ. ನಮ್ಮ ಕೋರ್ಟಿನಲ್ಲಿ ಬದುವಿನ ಕೇಸು ನಡೆಸಿ ನಡೆಸಿ ಮುದುಕನಾದ ಆಸಾಮಿ. ಅವನನ್ನು ಅರಿಯದ ವಕೀಲರು ಮಧುಗಿರಿಯಲ್ಲಿ ಇಲ್ಲ. ಕೋರ್ಟಿನ ಜಗಲಿಯಲ್ಲಿ ಹೊಸಬರಿಗೆ ಪುಕ್ಕಟೆ ಸಲಹೆ ಕೊಟ್ಟು ನಮ್ಮ ಹೊಟ್ಟೆಯ ಮೇಲೆ ಹೊಡೆಯುವವನು ಅವನೇ.

ನಾನು ಗಡಿಬಿಡಿಯಲ್ಲಿ ವಿಚಾರಣೆ ಶುರುಮಾಡಿದೆ. "ಹೊಡೀತಾರೇನಮ್ಮ?"

"ಇಲ್ಲ ಸ್ವಾಮಿ."

"ಮನೆಗೆ ತಂದಾಕ್ತಾರಾ?"

"ತಂದಾಕ್ತಾನೆ."

"ಮತ್ತೆ, ಬಿಡುಗಡೆ ಬೇಕಾ?"

"ಬುಡ್ತು ಅನ್ನಿ! ಬುಡುಗಡೆ ಕಟ್ಕಂಡು ನಾನೇನ್ ಮಾಡ್ಲಿ? ನಂಗೆ ಮಾತು ಬೇಕು."

ಆಮೇಲೆ ದನಿ ತಗ್ಗಿಸಿದಳು. ಶುಕ್ರವಾರ ತುಮಕೂರಿನಲ್ಲಿ ಬಲಗಣ್ಣಿನ ಆಪರೇಷನ್. "ಇರೋದೊಂದು ಕಣ್ಣು. ಅದಕ್ಕೂ ಪಟ್ಟಿ ಕಟ್ತಾರೆ. ಬಿಚ್ಚಿದ್ ಮ್ಯಾಲೆ ಕಾಣ್ತದೋ ಇಲ್ವೋ ದೇವ್ರೇ ಬಲ್ಲ. ಪಟ್ಟಿ ಕಟ್ಟಿರೋವಾಗ ಆವಯ್ಯ ಪಕ್ಕದಾಗೆ ಕುಂತವ್ನೋ, ಎದ್ದು ಹೋದ್ನೋ ನಂಗೆ ಹೆಂಗೆ ತಿಳೀಬೇಕು? ಬಾಯಿ ಬುಟ್ರೆ ತಾನೇ?"

ಕಂಡಕ್ಟರ್ ಸೀಟಿ ಊದಿದ. "ಅಂಥ ಸೆಕ್ಷನ್ ಇಲ್ಲ ಕಣಮ್ಮ" ಎಂದು ಹತ್ತಿಬಿಟ್ಟೆ. ಆಕೆ ಕಿಟಕಿಯ ಕೆಳಗೇ ನಡೆದುಕೊಂಡು ಬಂದಳು.

"ಹೊಡಿಯೋ ಗಂಡಂಗೆ ಕಾನೂನೈತೆ, ಬುಟ್ಟೋಡೋಗೋ ಗಂಡಂಗೆ ಕಾನೂನೈತೆ, ಸುಮ್ಕೆ ಕೂರೋನಿಗೆ ಇಲ್ವಾ? ಹಂಗಾರೆ ಎಲ್ಡೇಟು ಹೊಡಿಯಯ್ಯ ಅಂತ ನಾನೇ ಕೇಳ್ಕಳ್ಳಾ?"

ನುಗ್ಗೆಕಾಯಿಗೆ ಬಹುಮತ

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಒಂಟಿಕಣ್ಣಿನ ಹೆಂಗಸಿಗೆ ಒಂದು ಸಮಾಧಾನದ ಮಾತನ್ನೂ ಹೇಳದೆ ಬಂದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಶಿರಾ ತಲುಪುವಷ್ಟರಲ್ಲಿ ತಡೆಯಲಾರದೆ ಗುಮಾಸ್ತನಿಗೆ ಫೋನ್ ಮಾಡಿದೆ. ಕೋರ್ಟಿನಲ್ಲೇ ನೆರೆತವನು ಹೆಂಡತಿಯ ಮಾತಿಗೆ ಬಗ್ಗದಿದ್ದರೂ ನೋಟೀಸಿಗೆ ಬಗ್ಗಿಯಾನು. "ಬರೆದುಕೊ: ಈ ನೋಟೀಸು ತಲುಪಿದ ಕೂಡಲೇ ತಾವು ನಮ್ಮ ಕಕ್ಷಿದಾರರ ಸಂಗಡ ಮಾತನಾಡತಕ್ಕದ್ದು. ಇವತ್ತೇ ಸ್ಪೀಡ್ ಪೋಸ್ಟ್ ಮಾಡು."

"ಸಾರ್, ತಪ್ಪಿದಲ್ಲಿ ಏನು ಕ್ರಮ ಅಂತ ಬರೀಲಿ?" ಎಂದ ಗುಮಾಸ್ತ.

"ಅದನ್ನ ಖಾಲಿ ಬಿಡಪ್ಪ" ಎಂದೆ.

ಶಿರಾ ತಾಲ್ಲೂಕಿನ ಗೌಡಗೆರೆಯ ಶಿಬಿರದಲ್ಲಿ ಮೊದಲ ಪ್ರಶ್ನೆ ಬಂದದ್ದು ಶಿರಾದ ಕಡಲೆಕಾಯಿ ಮಂಡಿಯ ಹಿರಿಯ ಸಾಹೇಬರೊಬ್ಬರಿಂದ. ಪಕ್ಕದ ಮನೆಯವರ ನುಗ್ಗೆಮರದ ಕೊಂಬೆ ಇವರ ಕಾಂಪೌಂಡಿನೊಳಕ್ಕೆ ಬಂದಿದೆ. "ವಕೀಲ್ ಸಾಬ್, ಕೊಂಬೆ ನಮ್ಮ ಕಡೆ, ಕಾಯಿ ನಮ್ಮ ಕಡೆ. ಸಾರಿಗೆ ಹಾಕಿದ್ರೆ ಗುನ್ನಾ ಆಗ್ತದಾ?"

ಕೊಂಬೆ ಕಡಿಸಿ ಎಂದು ಹೇಳುವ ಹಕ್ಕು ನಿಮಗಿದೆ, ಆದರೆ ಕಾಯಿ ಮರದ ಒಡೆಯನಿಗೇ ಸೇರಿದ್ದು ಎಂದು ವಿವರವಾಗಿ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬೆರಳು ಮಡಿಸತೊಡಗಿದರು.

"ಶಿರಾದಲ್ಲಿ ಇಬ್ಬರು ವಕೀಲರು ತಿನ್ನಬಹುದು ಅಂದ್ರು. ತುಮಕೂರಿನವರೊಬ್ಬರು ಬೇಡ ಅಂದ್ರು. ನೀವೂ ಬೇಡ ಅಂತೀರಿ. ಎರಡು, ಎರಡು ಆಯ್ತು."

"ಸಾಹೇಬ್ರೆ, ಕಾನೂನು ಓಟಿನ ಮೇಲೆ ನಡೆಯಲ್ಲ."

"ಅರೆ, ಕಾನೂನು ಮಾಡೋರು ಓಟಿನ ಮೇಲೇ ತಾನೇ ಬರೋದು?" ಎಂದ ಅವರು ವೇದಿಕೆಯ ಮೇಲೆಲ್ಲ ಕಣ್ಣಾಡಿಸಿದರು. "ಇನ್ನೊಬ್ಬರು ವಕೀಲರು ಇದ್ರೆ ಕರೀರಿ ಸಾಬ್, ಜಲ್ದಿ. ಕಾಯಿ ಬಲಿತಾ ಇದೆ."

ಬಿಸಿಲು ಯಾರ ಹೆಸರಿಗಿದೆ?

ಬುಧವಾರ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಊರಿನ ಜಮೀನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಕಣ್ಣು ಹಾಯಿಸಿದಷ್ಟು ದೂರ ಫಲಕಗಳು. ನೋಟೀಸು ಅಷ್ಟು ಹೊತ್ತಿಗೆ ತಲುಪಿರಬೇಕು. ನಾನು ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುತ್ತಿದ್ದೆ. ಸಿಗ್ನಲ್ಲಿಗಾಗಿ ಶಾಲೆಯ ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಲೇ ಭಾಷಣ ಮುಗಿಸಿದೆ. ಜನರ ತಲೆಗಳೂ ನನ್ನ ಜೊತೆ ಅತ್ತಿಂದಿತ್ತ ತಿರುಗಿದವು.

ಒಬ್ಬ ರೈತ ಎದ್ದು ನಿಂತ. "ಸಾರ್, ಮೇಮು ಭೂಮಿ ಇಚ್ಚಾಮು, ಒಪ್ಕೊಂತೀವಿ. ಎಂಡ ಇಚ್ಚಾಮಾ?"

ನಾವು ಭೂಮಿ ಕೊಟ್ಟಿದ್ದೇವೆ, ಬಿಸಿಲು ಕೊಟ್ಟಿದ್ದೇವಾ ಎಂದು ತೆಲುಗಿನಲ್ಲಿ ಅವನ ಸವಾಲು. ಕರಾರು ಪತ್ರವನ್ನೂ ತಂದಿದ್ದ. ಓದಿ ನೋಡಿದೆ. ಸರ್ವೆ ನಂಬರಿದೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇದೆ, ಬಿಸಿಲಿನ ಮಾತು ಎಲ್ಲೂ ಇಲ್ಲ. ಕಾಲೇಜಿನಲ್ಲಿ ಇದನ್ನು ನಮಗೆ ಯಾರೂ ಪಾಠ ಮಾಡಿರಲಿಲ್ಲ.

"ನೋಡಪ್ಪ, ಬಿಸಿಲು ಯಾರದ್ದೂ ಅಲ್ಲ" ಎಂದೆ.

"ಯಾರ್ದೂ ಅಲ್ಲ ಅಂದ್ರೆ ಸರ್ಕಾರದ್ದು ಕದಾ ಸಾರ್?"

ಹಾಗೆಯೇ ಇಟ್ಟುಕೊ ಎಂದುಬಿಟ್ಟೆ. ನನ್ನ ಕಣ್ಣು ಫೋನಿನ ಮೇಲಿತ್ತು. ಅದೇ ತಪ್ಪಾಯಿತು. ಸರ್ಕಾರಿ ಜಮೀನನ್ನು ಬಹಳ ವರ್ಷ ಉಳುತ್ತಾ ಬಂದವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಬಗರ್ ಹುಕುಂ ಅರ್ಜಿ ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಹಂಗಾದ್ರೆ ಬಗರ್ ಹುಕುಂ ಅರ್ಜಿ ಬರ್ಕೊಡಿ ಸಾರ್" ಎಂದ ಅವನು. "ಮಾ ತಾತನ ಕಾಲದಿಂದ ಆ ಬಿಸಿಲಲ್ಲೇ ಸಾಗುವಳಿ ಮಾಡಿದೀವಿ. ಊರೋರೆಲ್ಲ ಸಾಕ್ಷಿ!"

ಕೊರಟಗೆರೆಗೆ ಬಂದ ಪ್ರತಿವಾದಿ

ಗುರುವಾರ ಕೊರಟಗೆರೆಯಲ್ಲಿ ನಾನು ಜೀಪಿನಿಂದ ಇಳಿಯುವುದಕ್ಕೇ ಬಿಡದೆ ಆತ ಎದುರು ನಿಂತಿದ್ದ. ಬದುವಿನ ಕೇಸಿನ ಗಂಡ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನನ್ನ ನೋಟೀಸು. ಬಾಯಿ ಮಾತ್ರ ಹರಿಯುವ ಹೊಳೆ.

"ನೋಟೀಸು ಮುಟ್ತು ಸಾರ್, ನಿಮ್ಮ ಗುಮಾಸ್ತರು ಇಲ್ಲವ್ರೆ ಅಂದ್ರು, ಅದಕ್ಕೆ ಖುದ್ದು ಹಾಜರಾಗಿವ್ನಿ. ಬಸ್ಸಿನಾಗೆ ಎಲ್ರಿಗೂ ಓದಿ ಹೇಳ್ದೆ. ಕನ್ನಡ ಚಂದಾಗೈತೆ. ಆದ್ರೆ ತಪ್ಪಿದಲ್ಲಿ ಅನ್ನೋದರ ಮುಂದೆ ಖಾಲಿ ಬುಟ್ಟಿದೀರಲ್ಲ, ಇದು ನಿಲ್ಲಕಿಲ್ಲ ಸಾರ್."

"ಅದಿರಲಿ ಯಜಮಾನ್ರೆ, ಇಷ್ಟು ಮಾತಾಡೋ ಬಾಯಿ ಹೆಂಡತಿ ಜೊತೆ ಯಾಕೆ ಮಾತಾಡಲ್ಲ?"

ಆತ ಕವರನ್ನು ಕಂಕುಳಲ್ಲಿ ಇಟ್ಟುಕೊಂಡ. "ಹುಣಸೆಹಣ್ಣು ಕುಟ್ಟೋವಾಗ ನಾಕು ಜನದ ಮುಂದೆ ಬಾಯಿ ಮುಚ್ಚು ಅಂದ್ಳು. ಮುಚ್ಚಿದೆ. ತೆಗಿ ಅಂತ ಇವತ್ತಿನವರ್ಗೂ ಅಂದಿಲ್ಲ. ತಡೆಯಾಜ್ಞೆ ಕೊಟ್ಟೋರೇ ತೆರವು ಮಾಡ್ಬೇಕು ಸಾರ್. ನಾನಾಗಿ ನಾನೇ ಮುರಿಯಕೆ ಆಯ್ತದಾ? ಆ ಬದುವಿನ ಮ್ಯಾಲೆ ಕೋರ್ಟಿನ ತಡೆಯಾಜ್ಞೆ ಇದ್ದಾಗ ಅಷ್ಟು ವರ್ಷ ಒಂದು ಹುಲ್ಲುಕಡ್ಡಿ ಕಿತ್ತೋನಲ್ಲ ನಾನು!"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದರೆ ಸುತರಾಂ ಇಲ್ಲ. ನನಗೆ ತಲೆ ಕೆಟ್ಟುಹೋಯಿತು. ಆತನಿಂದಲೇ ನಂಬರು ಕೇಳಿಕೊಂಡು ಅಲ್ಲೇ ಆಕೆಗೆ ಫೋನ್ ಹಚ್ಚಿದೆ. "ಅಮ್ಮ, ಬಾಯಿ ಬಿಡು ಅಂತ ಒಂದು ಮಾತು ಹೇಳಿಬಿಡಮ್ಮ, ಮುಗೀತು."

"ನಾನ್ಯಾಕ್ ಹೇಳ್ಲಿ? ಬೇಕಿದ್ರೆ ಆವಯ್ಯನೇ ಬಂದು ಕೇಳ್ಕಳ್ಳಿ" ಎಂದಳು.

ಆತನಿಗೆ ಹೇಳಿದೆ. "ಬಾಯಿ ಮುಚ್ಚಿರೋನು ಯಾವ ಬಾಯಾಗೆ ಕೇಳ್ಕಳ್ಳಿ ಸಾರ್?" ಎಂದ ಆತ.

ಫೋನಿನಲ್ಲಿ ಅವಳು, ಎದುರಿಗೆ ಇವನು, ನಡುವೆ ನಾನು ಆ ಜೀಪನ್ನು ಎಷ್ಟು ಸುತ್ತು ಸುತ್ತಿದೆನೋ. ಕೊನೆಗೆ ಫೋನು ಇಟ್ಟು ಸಿಟ್ಟಿನಿಂದಲೇ ಕೇಳಿದೆ: "ನಾಳೆ ಆಕೆ ಇರೋ ಒಂದು ಕಣ್ಣಿಗೂ ಪಟ್ಟಿ ಕಟ್ಟಿಸ್ಕೊಂಡು ಮಲಗ್ತಾಳೆ. ನೀವು ಪಕ್ಕದಲ್ಲಿದ್ದೀರೋ ಇಲ್ವೋ ಅಂತ ಅವಳಿಗೆ ಗೊತ್ತಾಗೋದು ಹೇಗೆ? ಯೋಚನೆ ಮಾಡಿದೀರಾ?"

ಆತ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಮಾಡಿವ್ನಿ ಸಾರ್. ಬಟ್ಟೆ ಬರೆ ಜೋಡ್ಸಿ ಆಗೈತೆ, ನಾನೂ ಹೊಂಟಿವ್ನಿ. ನಾನಿಲ್ದೆ ಅವಳನ್ನ ಯಾರು ಕರ್ಕಂಡೋಗ್ತಾರೆ?" ಎಂದ. ಆಮೇಲೆ ಗುಟ್ಟು ಹೇಳುವವನಂತೆ ಹತ್ತಿರ ಬಂದ. "ಪಕ್ಕದಾಗೆ ಕುಂತು ಕೆಮ್ತಾ ಇರ್ತೀನಿ. ಕೆಮ್ಮಿಗೆ ತಡೆಯಾಜ್ಞೆ ಇಲ್ಲ."

ಶುಕ್ರವಾರದ ಫೋನು

ಶುಕ್ರವಾರ ಮಧುಗಿರಿ ಕೋರ್ಟಿನಲ್ಲಿ ನನಗೆ ಕೆಲಸವೇ ಓಡಲಿಲ್ಲ. ನನ್ನ ಕೇಸು ಕೂಗಿದಾಗ ಜಗಲಿಯಲ್ಲಿದ್ದೆ, ಕೂಗದಾಗ ಒಳಗಿದ್ದೆ. ಪೊರೆಯ ಆಪರೇಷನ್ ಈಗ ದೊಡ್ಡ ವಿಷಯವೇನಲ್ಲ ಎಂದು ಎಲ್ಲರೂ ಹೇಳಿದರು. ಎರಡು ಕಣ್ಣಿದ್ದವರಿಗೆ ಅದು ನಿಜ ಇರಬಹುದು.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಗಂಡನದು.

"ಆಪ್ರೇಸನ್ ಸುಸೂತ್ರ ಆಯ್ತು ಸಾರ್. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ತಾರೆ. ಡಾಕ್ಟ್ರು ಕಾಣ್ತದೆ ಅಂದವ್ರೆ." ನನ್ನ ಎದೆ ಹಗುರಾಯಿತು. ಆದರೆ ಆತನ ದನಿಯಲ್ಲಿ ಗಾಬರಿ ಇತ್ತು. "ಇಲ್ಲೊಂದು ತಕರಾರು ಎದ್ದೈತೆ. ನಾನು ಬೆಳಗ್ಗಿಂದ ಬುಡದಂಗೆ ಕೆಮ್ಮಿದ್ನಲ್ಲ, ಈ ನರ್ಸಮ್ಮ ನಂಗೆ ಕ್ಷಯ ಐತೆ ಅಂತಾರೆ. ವಾರ್ಡಿಂದ ಆಚೆ ಹೋಗು, ಕಫ ಪರೀಕ್ಷೆ ಮಾಡಿಸ್ಕೊ ಅಂತಾವ್ರೆ."

"ಕಾಯಿಲೆ ಅಲ್ಲ ಅಂತ ಹೇಳ್ರಿ!"

"ಹೇಳ್ದೆ. ಮತ್ಯಾಕೆ ಕೆಮ್ತೀಯ ಅಂದ್ರು. ಅದನ್ನ ಹೆಂಗೆ ಹೇಳ್ಲಿ ಸಾರ್, ಹತ್ತು ಜನ ಅವ್ರೆ."

ಅಷ್ಟರಲ್ಲಿ ಹಿಂದಿನಿಂದ ಆಕೆಯ ಕೂಗು ಕೇಳಿಸಿತು. ಇಡೀ ವಾರ್ಡಿಗೆ ಕೇಳಿಸುವ ಹಾಗೆ: "ಅಯ್ಯೋ, ಬಾಯಿ ಬುಡಯ್ಯೋ! ಆಚೆಗೆ ಹಾಕ್ತಾರೆ ನಿನ್ನ! ನಂಗೇನೂ ಕಾಣ್ತಿಲ್ಲ, ಎಲ್ಲಿಗ್ ಹೋಗ್ತಿದೀಯ? ಬಾಯಿ ಬುಡು, ಮಾತಾಡು!"

ನಾನು ಜಗಲಿಯಲ್ಲೇ ಕುಣಿದುಬಿಟ್ಟೆ. ಜವಾನ ಹೆದರಿ ಪಕ್ಕಕ್ಕೆ ಸರಿದ. "ಕೇಳಿಸ್ತೇನ್ರಿ? ಅಪ್ಪಣೆ ಆಯ್ತು! ಮಾತಾಡಿ ಯಜಮಾನ್ರೆ!"

ಆ ಕಡೆಯಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡವನ ಪಿಸುದನಿ.

"ಸಾರ್, ತೆರವು ಆಯ್ತು, ನಿಜ. ಆದ್ರೆ ಬರೀ ಬಾಯಿಮಾತಿನ ಆದೇಸ. ಈಗ್ಲೇ ಮಾತಾಡಬೋದಾ, ಇಲ್ಲ ಸರ್ಟಿಫೈಡ್ ಕಾಪಿ ಬರೋವರ್ಗೂ ಕಾಯ್ಬೇಕಾ?"

"ಕಾಪಿ ಬೇಡ ಕಣ್ರಿ!" ಎಂದು ನಾನು ಕಿರುಚಿದ್ದಕ್ಕೆ ಒಳಗೆ ನ್ಯಾಯಾಧೀಶರು ಊಟದ ಡಬ್ಬಿಯಿಂದ ತಲೆ ಎತ್ತಿದರಂತೆ.

ಆತ ಫೋನು ಕಡಿಯುವುದನ್ನು ಮರೆತಿದ್ದ. ಮೊದಲು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಇಲ್ಲೇ ಇವ್ನಿ ಕಣಮ್ಮಿ" ಎಂದ.

"ಅದು ಗೊತ್ತು" ಎಂದಳು ಆಕೆ. "ಮುಂದಕ್ಕೆ ಹೇಳು."