ಮಾವನವರಿಗೆ ನಾನು ಬಾಯಿಯಾದದ್ದು

ಡಾಕ್ಟರ ಮುಂದೆ ಮಾತಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ನಂಬಿಕೆಗೆ ಆಧಾರವೂ ಇತ್ತು. ಸೊಲ್ಲಾಪುರ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ನವಿ ಪೇಠೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಗುಮಾಸ್ತ. ಮರಾಠಿಯಲ್ಲಿ ಸೀರೆ ಮಾರುತ್ತಿದ್ದೆ, ಕನ್ನಡದಲ್ಲಿ ಧೋತರ ಮಾರುತ್ತಿದ್ದೆ, ಉರ್ದುವಿನಲ್ಲಿ ಲುಂಗಿ ಮಾರುತ್ತಿದ್ದೆ. ಮೂರು ಭಾಷೆಯಲ್ಲೂ ಬಣ್ಣ ಹೋಗುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಬಣ್ಣ ಹೋಗುತ್ತಿತ್ತು, ಅದು ಬೇರೆ ಮಾತು. ಗಿರಾಕಿಗೆ ಬೇಸರವಾಗುವ ಮಾತನ್ನು ಬಾಯಿಂದ ಹೊರಡಿಸಬಾರದು ಎಂಬುದು ನಮ್ಮ ಧಂದೆಯ ಮೊದಲ ಪಾಠ. ಆ ಪಾಠವನ್ನು ನಾನು ದವಾಖಾನೆಗೂ ಒಯ್ದೆ. ಅಂಥ ಬುದ್ಧಿವಂತ ನಾನು!

ಅಕ್ಕಲಕೋಟೆ ಕಡೆಯ ಹಳ್ಳಿಯಿಂದ ಮಾವ ಬೀರಪ್ಪನವರು ಒಂದು ದಿನ ಬಂದಿಳಿದರು. ಕುರಿ, ಹೊಲ ಎರಡೂ ಇದ್ದ ಗಟ್ಟಿ ಮನುಷ್ಯ. ಹಣೆ ತುಂಬ ಮೈಲಾರನ ಭಂಡಾರದ ಅರಿಸಿನ, ತಲೆಗೆ ದೊಡ್ಡ ರುಮಾಲು. ಟಾಂಗಾದಿಂದ ಇಳಿಯುವಾಗ ಚಪ್ಪಲಿ ಕೈಯಲ್ಲಿದ್ದವು, ಬಾತ ಕಾಲು ಅವುಗಳೊಳಗೆ ಹೋಗುತ್ತಿರಲಿಲ್ಲ. ಮುಖವೂ ಉಬ್ಬಿತ್ತು. ನನ್ನ ಹೆಂಡತಿ ಗೌರವ್ವ ಅಪ್ಪನ ಕಾಲಿನ ಮೇಲೆ ಬೆರಳೊತ್ತಿ ನೋಡಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ದವಾಖಾನಿಗೆ ನಾನೂ ಬರ್ತೀನ್ರಿ" ಅಂದಳು.

ದೊಡ್ಡ ಡಾಕ್ಟರ ಹತ್ತಿರ ಹೆಂಗಸರು ಬಂದು ಏನು ಮಾಡುತ್ತಾರೆ, ಅಲ್ಲಿ ಮಾತು ಬಲ್ಲವರು ಬೇಕು ಎಂದು ನಾನು ಅವಳನ್ನು ಒಲೆಯ ಮುಂದೆ ಕೂಡಿಸಿದೆ. ಕೋಟು ಹಾಕಿಕೊಂಡೆ. ಮಾವನವರನ್ನು ಕರೆದುಕೊಂಡು ಹೊರಟೆ.

ಡಾಕ್ಟರು ತಲೆ ಎತ್ತುವ ಮೊದಲೇ ನಾನು ಶುದ್ಧ ಮರಾಠಿಯಲ್ಲಿ, ನಡುನಡುವೆ ಇಂಗ್ಲಿಷ್ ಸೇರಿಸಿ, ನಿವೇದನೆ ಸಲ್ಲಿಸಿದೆ. ಇವರು ನನ್ನ ಮಾವನವರು, ಇವರು ಮಾತಾಡುವುದಿಲ್ಲ, ಏನು ಕೇಳುವುದಿದ್ದರೂ ನನ್ನನ್ನು ಕೇಳಬೇಕು ಎಂದೆ. ಡಾಕ್ಟರು ಮಾವನವರ ಕಡೆ ಬಹಳ ಕನಿಕರದಿಂದ ನೋಡಿದರು. ಆ ಕನಿಕರ ರೋಗಕ್ಕೆ ಎಂದುಕೊಂಡೆ.

ಮೊದಲ ಪ್ರಶ್ನೆಗೇ ನನ್ನ ಬೆವರು ಇಳಿಯಿತು. ಮೂತ್ರ ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಿದರು! ಹೆಣ್ಣು ಕೊಟ್ಟ ಮಾವನ ಎದುರು ನಮ್ಮಲ್ಲಿ ಅಳಿಯ ಕಾಲು ಚಾಚಿ ಕೂಡುವುದಿಲ್ಲ, ಬೀಡಿ ಸೇದುವುದಿಲ್ಲ. ಮಾವನೂ ಅಳಿಯನ ಕಣ್ಣಿಗೆ ಬೀಳದಂತೆ ತಂಬಿಗೆ ಹಿಡಿದು ಹೋಗಿ ಬರುತ್ತಾನೆ. ಅಂಥವರನ್ನು ತಿರುಗಿ ನೋಡಿ, ಮಾವಾರ, ನಿಮ್ಮದು ಎಷ್ಟು ಎಂದು ಕೇಳಲೇ? ನಾಲಿಗೆ ಬಿದ್ದು ಹೋದೀತು. ನಮ್ಮ ಮನೆತನದ ಮಾನವನ್ನೂ ನೋಡಬೇಕಲ್ಲ.

"ಭರಪೂರ" ಎಂದೆ.

ಮಾವನವರಿಗೆ ಕುರಿ ಮಾರುವಷ್ಟು ಮರಾಠಿ ಬರುತ್ತಿತ್ತು. ಅವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಬಣ್ಣ ಹೇಗಿದೆ ಎಂದು ಡಾಕ್ಟರು ಕೇಳಿದರು. ಬಣ್ಣ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಏಕದಂ ಪಕ್ಕಾ" ಎಂದುಬಿಟ್ಟೆ.

ಡಾಕ್ಟರು ಹುಬ್ಬು ಗಂಟಿಕ್ಕಿ ಮಾವನವರ ಕಾಲು ಒತ್ತಿದರು, ರಕ್ತದೊತ್ತಡ ನೋಡಿದರು. ಮೂತ್ರಪಿಂಡಗಳಿಗೆ ಬಾವು ಬಂದಿರಬೇಕು ಎಂದರು. ಉಪ್ಪು ಪೂರ್ತಿ ಬಂದ್, ಉಪ್ಪಿನಕಾಯಿ, ಹಪ್ಪಳ, ಚಟ್ನಿ ಯಾವುದೂ ಬೇಡ, ನೀರು ಅಳೆದು ಕೊಡಬೇಕು, ನಾಳೆ ಬೆಳಗಿನ ಮೂತ್ರ ಬಾಟಲಿಯಲ್ಲಿ ತರಬೇಕು ಎಂದು ನನಗೆ ಇಂಗ್ಲಿಷ್ ಬೆರೆತ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕುರಿ ಸಂತೆಯ ಮರಾಠಿಗೆ ಅದು ನಿಲುಕುವಂಥದಲ್ಲ. ಆಮೇಲೆ ಮಾವನವರತ್ತ ತಿರುಗಿ ಅದನ್ನೇ ಕೈಯಿಂದ ಹೇಳಿದರು. ಎರಡು ಬೆರಳಿನಿಂದ ಚಿಟಿಕೆ ಉಪ್ಪು ಹಾಕಿದಂತೆ ಮಾಡಿ ಅಡ್ಡ ಕೈಯಾಡಿಸಿದರು. ನೀರು ಕುಡಿದಂತೆ ಮಾಡಿ ಮತ್ತೆ ಕೈಯಾಡಿಸಿದರು. ಕಲಿತವರ ಪದ್ಧತಿಯೇ ಹೀಗಿರಬೇಕೆಂದು ಮಾವನವರೂ ಮರ್ಯಾದೆಗೆ ಬಾಯಿ ತೆರೆಯದೆ ಕೈಯಾಡಿಸಿ, ನಮಸ್ಕಾರ ಮಾಡಿದರು.

ಹೊರಗೆ ಬಂದ ಮೇಲೆ, "ಡಾಕ್ಟರು ಏನಂದ್ರು ಅಳ್ಯಾರ?" ಎಂದು ಕೇಳಿದರು.

ಏನು ಹೇಳಲಿ? ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ಮನೆ ನಮ್ಮದು. ನಮ್ಮ ಮನೆಯಲ್ಲಿ ನಿಮಗೆ ನೀರಿಲ್ಲ, ಉಪ್ಪಿಲ್ಲ ಎಂದು ಬೀಗರಿಗೆ ಹೇಳುವುದಕ್ಕಿಂತ, ನಿಮ್ಮೂರಿನ ಬಸ್ಸು ಎಷ್ಟಕ್ಕೆ ಎಂದು ಕೇಳುವುದೇ ಮೇಲು. ಮೈಗೆ ಸ್ವಲ್ಪ ಬಾವು, ಹೊಟ್ಟೆ ತುಂಬ ಉಂಡು ಆರಾಮ ಇರಲು ಹೇಳಿದ್ದಾರೆ ಎಂದು ಡಾಕ್ಟರ ಮಾತನ್ನು ತೊಳೆದು, ಇಸ್ತ್ರಿ ಮಾಡಿ ಒಪ್ಪಿಸಿದೆ. ಗೌರವ್ವನಿಗೂ ಅದೇ ಪ್ರತಿ. ಡಾಕ್ಟರಿಗೆ ಬೆಳಗಿನ ಮೂತ್ರ ಬೇಕಂತೆ, ಅಪ್ಪನಿಗೆ ಬಾಟಲಿ ನೀನೇ ಕೊಡು, ಉಪ್ಪನ್ನು ಸ್ವಲ್ಪ ನೋಡಿ ಹಾಕು ಎಂದಷ್ಟೇ ಸೇರಿಸಿದೆ. ಅವಳು ನೋಡಿಯೇ ಹಾಕಿದಳು. ಅಪ್ಪನಿಗೆ ರುಚಿ ಹತ್ತಲಿ ಎಂದು ಉಪ್ಪು ಖಾರ ಹಾಕಿ ಶೇಂಗಾ ಹಿಂಡಿ ಕುಟ್ಟಿದಳು, ಹಪ್ಪಳ ಸುಟ್ಟಳು. ಮೂತ್ರಪಿಂಡ ಎಂದರೆ ಮನೆಯ ಬಚ್ಚಲಿನ ಹಾಗೆ, ನೀರು ಬಿಟ್ಟರೆ ಸ್ವಚ್ಛವಾಗುತ್ತದೆ ಎಂಬ ಸ್ವಂತ ಶಾಸ್ತ್ರವೂ ನನ್ನ ಹತ್ತಿರ ಇತ್ತು. ತಾಸಿಗೊಮ್ಮೆ ನಾನೇ ಎದ್ದು ನೀರು ಕೊಟ್ಟೆ. ಅಳಿಯ ಕೊಟ್ಟ ನೀರು ಬೇಡ ಎನ್ನುವುದು ಹೇಗೆಂದು ಅವರು ಕುಡಿದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಬಲ್ಲವನು ನಾನು. ಅದರ ರೋಗ ಮಾತ್ರ ಮಾವನವರಿಗೆ.

ಮರುದಿನ ಬೆಳಿಗ್ಗೆ ಮಾವನವರು ಬಾಟಲಿಯನ್ನು ವಸ್ತ್ರದಲ್ಲಿ ಸುತ್ತಿ, ಮುಖ ಆ ಕಡೆ ಮಾಡಿ ನನ್ನ ಕೈಗಿಟ್ಟರು. ದಾರಿಯಲ್ಲಿ ಬಿಚ್ಚಿ ನೋಡಿದೆ. ತಳದಲ್ಲಿ ಒಂದಿಷ್ಟು, ಬಣ್ಣ ಕಡು ಚಹಾದ್ದು! ಭರಪೂರ ಎಂದು ಹೇಳಿದವನು ನಾನು. ಪಕ್ಕಾ ಬಣ್ಣ ಎಂದವನೂ ನಾನೇ. ಅಳತೆಯಲ್ಲಿ ಕಡಿಮೆ ಕೊಟ್ಟ ಕಳಂಕ ನಮ್ಮ ಅಂಗಡಿಗೇ ಇರಲಿಲ್ಲ, ಮನೆತನಕ್ಕೆ ಬರಬೇಕೇ? ರಸ್ತೆಯ ನಳದ ಕೆಳಗೆ ಬಾಟಲಿ ಹಿಡಿದು ಕಂಠದವರೆಗೆ ತುಂಬಿಸಿದೆ. ಬಣ್ಣವೂ ತಿಳಿಯಾಗಿ ನೋಡಲು ಲಕ್ಷಣವಾಯಿತು.

ಡಾಕ್ಟರು ಅದನ್ನು ಗಾಜಿನ ಕೊಳವೆಗೆ ಸುರಿದು ದೀಪದ ಮೇಲೆ ಕಾಯಿಸಿದರು, ಬೆಳಕಿಗೆ ಹಿಡಿದರು, ಮತ್ತೆ ಕಾಯಿಸಿದರು. ಕಾಲು ಒಂದು ಹೇಳುತ್ತದೆ, ಬಾಟಲಿ ಒಂದು ಹೇಳುತ್ತದೆ ಎಂದು ತಲೆ ತುರಿಸಿಕೊಂಡರು. ಉಪ್ಪು ಬಿಡಿಸಿದ್ದೀರಾ ಎಂದರೆ, ಮನೆಯಲ್ಲಿ ಉಪ್ಪಿನ ಡಬ್ಬಿಯನ್ನೇ ಮುಟ್ಟುವುದಿಲ್ಲ ಎಂದೆ. ನಾನು ಮುಟ್ಟುತ್ತಿರಲಿಲ್ಲ, ನಿಜ. ಅಡಿಗೆ ಮಾಡುವವಳು ಗೌರವ್ವ.

ಕೆಲವೇ ದಿನಗಳಲ್ಲಿ ಮಾವನವರಿಗೆ ಮಲಗಿದರೆ ಉಸಿರಾಡಲು ಆಗದಾಯಿತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಕಣ್ಣು ಬಾವಿನಲ್ಲಿ ಮುಚ್ಚಿಹೋಗಿದ್ದವು. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಗೌರವ್ವ ಸೆರಗು ಹೊದ್ದು ಟಾಂಗಾ ಕರೆಸಿದಳು. ಈ ಸಲ ನನ್ನ ಅಪ್ಪಣೆ ಕೇಳಲಿಲ್ಲ. ನನಗೂ ಹೆದರಿಕೆಯಾಗಿತ್ತು. ಆದರೂ ಕೋಟು ಹಾಕಿಕೊಳ್ಳುವುದನ್ನು ಮರೆಯಲಿಲ್ಲ.

ಡಾಕ್ಟರು ಮಾವನವರ ಬೆನ್ನಿಗೆ ನಳಿಗೆ ಹಚ್ಚಿ ಕೇಳುತ್ತಿದ್ದರು. ನಾನು ಮರಾಠಿಯಲ್ಲಿ ಪ್ರಸ್ತಾವನೆ ಶುರು ಮಾಡಿದ್ದೆ. ಗೌರವ್ವ ನನ್ನನ್ನು ದಾಟಿ ಅಪ್ಪನ ಮುಂದೆ ಕೂತಳು.

"ಅಪ್ಪಾ, ಒಂದಕ್ಕ ಸರಿ ಆಗವಲ್ದು ಹೌದಲ್ಲ? ನಾ ನೋಡಾಕತ್ತೀನಿ. ಇವ್ರಿಗೆ ಯಾಕ ಹೇಳವಲ್ಲಿ?"

ಮಾವನವರು ಏದುಸಿರಿನಲ್ಲೇ ಹೇಳಿದರು. "ಹ್ಯಾಂಗ ಹೇಳ್ಲೆವ್ವಾ? ಅಳ್ಯಾರು ಭರಪೂರ ಅಂದಾರ. ನಾಕ ಮಂದಿ ಮುಂದ ಅವರ ಮಾತು ಸುಳ್ಳ ಮಾಡ್ಲೇನು?"

ಡಾಕ್ಟರ ಕಿವಿಯಿಂದ ನಳಿಗೆ ಕೆಳಗಿಳಿಯಿತು.

"ಅಲ್ರಿ, ಇವರಿಗೆ ಮಾತು ಬರ್ತದ?" ಎಂದರು. ಅಚ್ಚ ಕನ್ನಡದಲ್ಲಿ! "ಇವರು ಹುಟ್ಟಾ ಮೂಗರು ಅಂತ ತಿಳದೀನಲ್ಲ ನಾನು."

"ಬರ್ತದ್ರಿ ಸಾಹೇಬ" ಎಂದರು ಮಾವ. "ನಿಮಗ ಕನ್ನಡ ಬರ್ತದೇನ್ರಿ? ಬರೇ ಕೈ ಆಡಸ್ತಿದ್ರಿ."

"ನಮ್ಮ ಅವ್ವನ ತೌರು ಇಂಡಿ ಕಡೀದು ಮಾಮಾ. ನಾ ಕಲ್ತದ್ದ ಕನ್ನಡ ಸಾಲ್ಯಾಗ."

ಇಬ್ಬರೂ ನನ್ನ ಕಡೆ ನೋಡಿದರು. ಗೌರವ್ವ ಮಾತ್ರ ನೋಡಲಿಲ್ಲ. ಅದೇ ಹೆಚ್ಚು ನಾಟಿತು. ಡಾಕ್ಟರು ಬಾಗಿಲು ತೋರಿಸಿ, ನೀವು ಸ್ವಲ್ಪ ಹೊರಗೆ ಕೂಡಬೇಕು ಎಂದರು. ನನ್ನ ಮರಾಠಿ, ಇಂಗ್ಲಿಷ್, ಕೋಟು ಸಮೇತ ಹೊರಬಿದ್ದೆ.

ಪರದೆಯಾಚೆಯಿಂದ ಮಾವನವರ ದನಿ ಕೇಳುತ್ತಿತ್ತು. ಅಳಿಯ ಎದುರಿಗಿಲ್ಲ ಎಂದ ಮೇಲೆ ಸಂಕೋಚ ಯಾರದು? ಕುರಿ ಹಟ್ಟಿಯಲ್ಲಿ ಕಾಲಿಗೆ ಹುಣ್ಣಾಗಿ ಕೀವು ಕಟ್ಟಿದ್ದು, ಅದು ಮಾಯ್ದ ಮೇಲೆ ಬಾವು ಬಂದದ್ದು, ಚಹಾದಂಥ ಬಣ್ಣ, ಎಲ್ಲವನ್ನೂ ಹೇಳಿದರು. ಇದು ಮೊದಲ ದಿನವೇ ತಮಗೆ ತಿಳಿಯಬೇಕಿತ್ತು ಎಂದು ಡಾಕ್ಟರು ಒಂದೆರಡು ಸಲ ಅಂದದ್ದು ಕೇಳಿಸಿತು. ಉಪ್ಪಿನ ವಿಷಯ ಬಂದಾಗ ಗೌರವ್ವನ ದನಿ ಏರಿತು. ಪರದೆ ಸರಿಸಿ ಡಾಕ್ಟರು ತಲೆ ಹೊರಗೆ ಹಾಕಿದರು. ಬಾಟಲಿಗೆ ಏನಾದರೂ ಬೆರೆಸಿದ್ದೆನೇ ಎಂದು ಕೇಳಿದರು.

"ನಳದ ನೀರ್ರಿ" ಎಂದೆ. "ಅಳತಿ ಕಡಿಮಿ ಕಾಣಬಾರದು ಅಂತ."

ಅವರು ಪರದೆ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆ ದಿನದಿಂದ ಗೌರವ್ವ ಉಪ್ಪಿಲ್ಲದ ಅಡಿಗೆ ಮಾಡಿದಳು, ನೀರು ಅಳೆದು ಕೊಟ್ಟಳು. ಮೊದಲ ತುತ್ತಿಗೆ ಮಾವನವರು ಸಿಟ್ಟಾಗಿ ಎದ್ದು ಹೋಗುತ್ತಾರೆಂದು ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವರು ರೊಟ್ಟಿ ಮುರಿದು, "ಉಪ್ಪಿಲ್ಲಂದ್ರ ಏನಾತು, ಮಗಳು ಮಾಡ್ಯಾಳಲ್ಲ" ಎಂದು ಉಂಡರು. ಯಾವ ಬೀಗತನದ ಮಾನ ಕಾಯಲು ನಾನು ಅವರ ಜೀವವನ್ನು ಗೋಡೆಗೆ ಒರಗಿಸಿದ್ದೆನೋ, ಆ ಮಾನ ಅವರಿಗೆ ಬೇಕೇ ಇರಲಿಲ್ಲ. ಹೊರಗೆ ಹೋಗಿ ಅತ್ತು ಬಂದೆ.

ಬಾವು ಮೆಲ್ಲಗೆ ಇಳಿಯಿತು. ಚಪ್ಪಲಿ ಕಾಲಿಗೆ ಬಂದ ದಿನ ಮಾವನವರು ಅವನ್ನು ಮೆಟ್ಟಿಕೊಂಡೇ ಡಾಕ್ಟರ ಹತ್ತಿರ ಹೊರಟರು. ಅಪ್ಪ, ಮಗಳು ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ, ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಕೂತೆ. ಅದನ್ನು ಗೌರವ್ವನೇ ಅರಳೆ ತುರುಕಿ, ಮೇಲೆ ದಾರ ಬಿಗಿದು ನನ್ನ ಕೈಗೆ ಕೊಟ್ಟಿದ್ದಳು.

ಆಗ ಹಳ್ಳಿಯ ಒಬ್ಬ ಮನುಷ್ಯ ಮುದುಕಿ ತಾಯಿಯ ಕೈಹಿಡಿದುಕೊಂಡು ಬಂದ. ನನ್ನ ಕೋಟು ನೋಡಿ ಕೈ ಮುಗಿದ.

"ಸಾಹೇಬ್ರ, ನೀವು ಕಲ್ತವ್ರು ಕಾಣ್ತೀರಿ. ನಮ್ಮವ್ವನ ಸಲುವಾಗಿ ಡಾಕ್ಟರಿಗೆ ನಾಕ ಮಾತು ಹೇಳಿ ಪುಣ್ಯಾ ಕಟ್ಕೋರಿ."

ನಾಲಿಗೆ ತುರಿಸಿತು. ಸುಳ್ಳೇಕೆ, ಬಹಳ ತುರಿಸಿತು. ಆದರೆ ನಾನು ಬೆರಳಿನಿಂದ ನನ್ನ ಬಾಯಿ ಮುಟ್ಟಿ ತೋರಿಸಿ, ಅಡ್ಡ ಕೈಯಾಡಿಸಿದೆ.

ಅವನು ಕನಿಕರದಿಂದ ತಾಯಿಯ ಕಡೆ ತಿರುಗಿದ. "ಪಾಪ, ಮೂಗ ಅದಾನ. ನೀನೇ ಹೇಳವ್ವ" ಎಂದ.

ನಾನು ಒಬ್ಬ ರೋಗಿಗೆ ಮಾಡಿದ ಮೊದಲ ಉಪಕಾರ ಅದು.